ದ್ವೀಪದ ಮೇಕೆ

ತಮಿಳುನಾಡಿನ ತನ್ನ ಕಾಲೇಜಿನ ಕಥಾಸ್ಪರ್ಧೆಗೆ ತಮಿಳಿನಲ್ಲಿ ಬರೆದ ಸಾಹಸದ ಕಥೆಯನ್ನು ಭುವನಾ ಅಂದು ಸಂಜೆಯೊಳಗೆ ಕಳಿಸಬೇಕಿತ್ತು. ಮೇಕೆಗಳಿಗೆ ಸೊಪ್ಪು ಕಟ್ಟುತ್ತಿದ್ದ ಅಜ್ಜಿ ಮಾದಮ್ಮನಿಗೆ ಅದನ್ನು ಕನ್ನಡದಲ್ಲಿ ಹೇಳಿದಳು. ನಿರ್ಜನ ದ್ವೀಪದಲ್ಲಿ ಸಿಕ್ಕಿಕೊಂಡ ನಾಯಕ, ಅಲ್ಲಿದ್ದ ಒಂದೇ ಮೇಕೆಯನ್ನು ಮೊದಲ ದಿನವೇ ಕೊಯ್ದು ತಿನ್ನುತ್ತಾನೆ.

"ನಾಳಿಕ್ಕೆ ಏನ್ ತಿಂತಾನಮ್ಮಿ ನಿನ್ ವೀರ?" ಎಂದಳು ಅಜ್ಜಿ. "ಮೆಟ್ಟೂರು ಡ್ಯಾಮ್ ತುಂಬ್ದಾಗ ನಾನು ಮೇಕೆಗಳ ಜೊತೆ ಮೂರು ದಿನ ನೀರ್ ನಡುವೆ ದಿಬ್ಬದ್ ಮ್ಯಾಲೆ ಸಿಕ್ಕೊಂಡಿದ್ದೆ. ಮೇಕೆ ಹಾಲು ಕುಡ್ದೇ ಬದುಕಿದ್ದು. ಪರಿಸಲ್ ದೋಣಿ ಬಂದಾಗ ಮೊದ್ಲು ಮೇಕೆಗಳ್ನ ಹತ್ತಿಸ್ದೆ."

"ಭಯ ಆಗ್ಲಿಲ್ವಾ ಅಜ್ಜಿ?"

"ಆಯ್ತು. ಮೇಕೆಗಳ ಮುಂದೆ ಅತ್ಕೊಂಡ್ ಕೂರಕ್ಕಾಯ್ತದಾ?"

ಭುವನಾ ಕಥೆಯನ್ನು ಮೊದಲಿನಿಂದ ಬರೆಯಲು ಕುಳಿತಳು. ಈ ಸಲ ದ್ವೀಪದಲ್ಲಿ ಹೆಂಗಸೊಬ್ಬಳಿದ್ದಳು, ಮೇಕೆಯೂ ಬದುಕಿತ್ತು.