ಬೇಡಿಕೊಂಡ ನೋವು

"ನಿನ್ನ ರಕ್ತದಾಗೆ ಏನೂ ಸಿಗಲಿಲ್ಲ ಮರಿಯವ್ವ. ನಿನ್ನ ಮಗಳ ರಕ್ತದಾಗೆ ಸಿಕ್ಕೈತೆ."

ಮಂಡಿಪೇಟೆಯ ಪಂಚಾಕ್ಷರಪ್ಪ ಡಾಕ್ಟರು ಬೊಂಬಾಯಿಯಿಂದ ಬಂದ ರಕ್ತಪರೀಕ್ಷೆಯ ಕಾಗದವನ್ನು ಮೇಜಿನ ಮೇಲಿಟ್ಟರು. ಎರಡು ವರ್ಷದಿಂದ ಬೆರಳ ಗೆಣ್ಣುಗಳು ಊದಿ, ಬೆಳಗಾದರೆ ಚೊಂಬು ಹಿಡಿಯಲಾಗದೆ ಗೋಳಾಡಿದವಳು ಮರಿಯವ್ವ. ಕೀಲುವಾಯುವಿನ ಗುರುತು ರಕ್ತದಲ್ಲಿದೆಯೇ ನೋಡಲು ಡಾಕ್ಟರು ಕಳಿಸಿದ್ದು ಅವಳ ರಕ್ತ; ಹೋಲಿಸಲು ಗಟ್ಟಿಮುಟ್ಟಾದವರದೂ ಒಂದಿರಲಿ ಎಂದು ಜೊತೆಗಿದ್ದ ಮಗಳು ದುರುಗವ್ವನದನ್ನೂ ಕಳಿಸಿದ್ದರು. ಈಗ ನೋಡಿದರೆ ಇದು!

"ಸೀಸೆ ಅದಲು ಬದಲಾಗ್ಯಾವೇನ್ರಿ?"

"ಇಲ್ಲವ್ವ, ಚೀಟಿ ಅಂಟಿಸಿದೋನು ನಾನೇ." ಡಾಕ್ಟರು ದುರುಗವ್ವನ ಬೆರಳುಗಳನ್ನು ಒಂದೊಂದಾಗಿ ಒತ್ತಿದರು, ಮುಷ್ಟಿ ಕಟ್ಟಿಸಿದರು. "ಬೆಳಗ್ಗೆ ಕೈ ಬಿಗಿತಾವೇನು?"

"ಇಲ್ರಿ. ಎದ್ದ ಕೂಡ್ಲೆ ಇಪ್ಪತ್ತು ರೊಟ್ಟಿ ಬಡಿತೀನಿ."

"ಹಂಗಾರೆ ನಿಂಗೆ ರೋಗ ಇಲ್ಲ. ಚೆನ್ನಾಗಿರೋರ ರಕ್ತದಾಗೂ ಒಮ್ಮೊಮ್ಮೆ ಈ ಗುರುತು ಇರ್ತೈತೆ. ರೋಗ ಇರೋ ಕೆಲವರಲ್ಲಿ ಇರಲ್ಲ, ನಿಮ್ಮವ್ವನ ಹಂಗೆ. ಹೊಗೆ ಕಂಡಲ್ಲೆಲ್ಲ ಮನೆ ಸುಟ್ಟಿರಲ್ಲ. ಕೀಲು ಊದಿದ್ರೆ ಬರ್ರಿ, ಇಲ್ಲಾಂದ್ರೆ ಮದುವಿ ಊಟಕ್ಕೆ ಕರೀರಿ."

ಊರಿಗೆ ಮರಳುವ ನಂದಿಗುಡಿಯ ಬಸ್ಸು ಹರಿಹರ ದಾಟುತ್ತಲೇ ದುರುಗವ್ವ ಸೆರಗಿಗೆ ಮುಖ ಒತ್ತಿ ಅಳತೊಡಗಿದಳು.

"ನಾನೇ ಬೇಡ್ಕಂಡಿದ್ದೆ ಅವ್ವ. ರಕ್ತ ಕೊಡಾಕೆ ಹೋದ ದಿನ, ಹರಿಹರೇಶ್ವರನ ಗುಡ್ಯಾಗೆ. ಅವ್ವನ ನೋವು ನಂಗೆ ಬರ್ಲಿ ಅಂತ."

"ಬೇಡ್ಕಳಾಕೆ ಬ್ಯಾರೆ ಏನೂ ಸಿಗ್ಲಿಲ್ಲೇನೇ, ನನ್ನ ಸವತಿ!"

ಬೈದಳೇನೋ ನಿಜ, ಆದರೆ ಮರಿಯವ್ವ ತನ್ನ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡಳು. ರಕ್ತ ಕೊಟ್ಟು ಬಂದಾಗಿನಿಂದ, ಈ ಹದಿನೈದು ದಿನ, ಅವಳ ಕೈಗಳು ಹಗುರಾಗಿದ್ದವು. ಅದು ಹೊಸ ಗುಳಿಗೆಯ ಗುಣ ಎಂದಿದ್ದರು ಡಾಕ್ಟರು. ಅವರು ಸಾವಿರ ಹೇಳಲಿ, ಹೆತ್ತ ಹೊಟ್ಟೆ ಕೇಳಬೇಕಲ್ಲ! ದೇವರು ಮಗಳ ಮಾತು ನಡೆಸಿಕೊಟ್ಟಿದ್ದರೆ? ಬರುವ ತಿಂಗಳು ಹಸೆ ಏರಬೇಕಾದ ಹುಡುಗಿ.

ಮನೆಗೆ ಬಂದವಳೇ ಮರಿಯವ್ವ ಗುಳಿಗೆಯ ಪೊಟ್ಟಣವನ್ನು ಜಂತಿಯ ಸಂದಿಗೆ ಸಿಕ್ಕಿಸಿದಳು. ಗುಳಿಗೆಯ ಗುಣವಾಗಿದ್ದರೆ ಬಿಟ್ಟ ಮೇಲೆ ನೋವು ತಿರುಗಿ ಬರಬೇಕು. ಬರದಿದ್ದರೆ ಅದು ಎಲ್ಲಿಗೆ ಹೋಗಿದೆ ಎಂದು ಕೇಳುವುದೇ ಬೇಡ.

ಮರುದಿನ ಕೈ ಹಗುರಾಗಿಯೇ ಇತ್ತು. ಮರಿಯವ್ವ "ಕೈ ನೋಯ್ತಾವೇನೇ?" ಎಂದು ಹತ್ತು ಸಲ ಕೇಳಿ ಮಗಳಿಂದ ಬೈಸಿಕೊಂಡಳು. ಅದರ ಮಾರನೆಯ ದಿನವೂ ಅಷ್ಟೇ.

ಮೂರನೆಯ ಬೆಳಗ್ಗೆ ಒಳಗೆ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಯಿತು. ಮುಖ ತೊಳೆಯಲು ಚೊಂಬಿಗೆ ಕೈ ಹಾಕಿದಳು. ಬೆರಳು ಮಡಚಲಿಲ್ಲ. ಗೆಣ್ಣಿನಿಂದ ಮೊಣಕೈವರೆಗೆ ನೋವು ಚಳಕ್ಕೆಂದು, ಚೊಂಬು ಉರುಳಿ ನೀರೆಲ್ಲ ನೆಲದ ಪಾಲಾಯಿತು.

ದುರುಗವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಏನಾತವ್ವಾ? ಮತ್ತೆ ನೋವಾ?"

"ಹೂನೇ! ನಂದು ನನ್ನತ್ರಾನೇ ಐತೆ!" ಮರಿಯವ್ವನ ಕಣ್ಣಲ್ಲಿ ನೀರು, ಮುಖದ ತುಂಬಾ ನಗು. "ನನ್ನ ಮಾರಿ ಏನ್ ನೋಡ್ತಿ, ಹಂಚಿನ ಮ್ಯಾಲೆ ರೊಟ್ಟಿ ಸೀದೀತು, ಹೋಗು."

ಒಳಗೆ ಮತ್ತೆ ಪಟಪಟ ಸದ್ದು ಶುರುವಾಯಿತು. ಮರಿಯವ್ವ ಒದ್ದೆ ನೆಲದ ಮೇಲೆಯೇ ಕೂತು, ಊದಿದ ಗೆಣ್ಣನ್ನು ಇನ್ನೊಮ್ಮೆ ಒತ್ತಿ ನೋಡಿಕೊಂಡಳು.