ಸಿನಿಮಾದಲ್ಲಿಲ್ಲದ ಸದ್ದು

ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಾಯ್ಲರ್ ಮೇಸ್ತ್ರಿಯ ಭಾವಮೈದುನ ಉದ್ದನೆಯ ಒಂದು ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು, ಇನ್ನೊಂದನ್ನು ಕಂಕುಳಲ್ಲಿ ಅವುಚಿಕೊಂಡು ಮೂರನೇ ಮಹಡಿ ಹತ್ತಿ ಬಂದ. ಬಾಗಿಲು ತೆರೆದ ಮೇಸ್ತ್ರಿಗೆ ಮೊದಲು ಕಂಡದ್ದು ಪೆಟ್ಟಿಗೆಗಳು. ಮಾತು ಅವುಗಳ ಹಿಂದಿನಿಂದ ಬಂತು.

"ಭಾವ, ದಾರಿ ಬಿಡಿ. ಸೌಂಡ್‌ಬಾರ್ ಬಂತು."

"ಇದೆಲ್ಲ ಯಾಕೋ?"

"ಯಾಕೆ ಅಂದ್ರೆ? ಐದು ತಿಂಗಳಾದ್ಮೇಲೆ ನಾಳೆ ಕೆಲಸಕ್ಕೆ ಹೊರಟಿದೀರಲ್ಲ, ಅದಕ್ಕೆ. ನಿಮ್ಮ ಅಮ್ಮಂಗೂ ಟೀವೀಲಿ ಮಾತು ಕೇಳಲ್ಲ ಅಂತ ಒಂದೇ ಗೋಳು."

ನಾಳೆ ಎಂಬ ಮಾತು ಕಿವಿಗೆ ಬಿದ್ದೊಡನೆ ಮೇಸ್ತ್ರಿ ಚಿಲಕದ ಮೇಲಿನ ಕೈ ತೆಗೆಯುವುದನ್ನೇ ಮರೆತ. ಮುಖದಲ್ಲಿ ನಗು ತಂದುಕೊಂಡು ದಾರಿ ಬಿಟ್ಟ.

ಇಪ್ಪತ್ತೆರಡು ವರ್ಷದಿಂದ ಅವನು ಒಂದು ದೊಡ್ಡ ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಒಣಗಿಸುವ ಜಾಗ ಅದು. ಆವಿಯ ಒತ್ತಡ ಏರಿದೆಯೋ ಇಳಿದಿದೆಯೋ ಎಂದು ಉಳಿದವರು ಮೀಟರಿನ ಮುಳ್ಳು ನೋಡಿ ತಿಳಿದರೆ, ಇವನು ಬಾಗಿಲ ಹೊರಗೆ ನಿಂತೇ ಹೇಳುತ್ತಿದ್ದ. ಅವನ ಕಿವಿಯ ಮೇಲೆ ಇಡೀ ಲಾಂಡ್ರಿಗೆ ಭರವಸೆ. ಐದು ತಿಂಗಳ ಹಿಂದೆ ಒಂದು ಮಧ್ಯಾಹ್ನ, ಆವಿಯ ಕೊಳವೆಯಲ್ಲಿ ನೀರು ನಿಂತು ಒಳಗಿನಿಂದ ಸುತ್ತಿಗೆ ಹೊಡೆದ ಹಾಗೆ ಬಡಿಯತೊಡಗಿತು. ಧಡ್. ಆಮೇಲೆ ಇನ್ನೊಂದು. ಮೂರನೆಯ ಏಟಿಗೆ ಅವನು ವಾಲ್ವಿಗೆ ಕೈ ಹಾಕಿದ್ದನಷ್ಟೆ, ಕೊಳವೆಯ ಜೋಡಣೆ ಕಿತ್ತುಕೊಂಡಿತು. ಅವನ ಕತ್ತು, ಭುಜ ಬೆಂದವು. ಜೊತೆಗಾರನ ಎರಡು ಕೈಯೂ ಬೆಂದವು.

ಗಾಯ ಮಾಗಿತು. ಡಾಕ್ಟರು ಕೈ ಎತ್ತಿಸಿದರು, ಕತ್ತು ತಿರುಗಿಸಿದರು, ಕೆಲಸಕ್ಕೆ ಅಡ್ಡಿಯಿಲ್ಲವೆಂದು ಬರೆದುಕೊಟ್ಟರು. ಸದ್ದಿನ ಬಗ್ಗೆ ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಬೀದಿಯಲ್ಲಿ ಯಾವುದಾದರೂ ಲಾರಿಯ ಹಿಂಬಾಗಿಲು ಧಡಾರನೆ ಬಿದ್ದರೆ, ಪಕ್ಕದ ಮನೆಯವರು ಮಂಚ ಎಳೆದರೆ, ಅವನ ಕೈಕಾಲು ತಣ್ಣಗಾಗುತ್ತಿದ್ದವು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದ. ಇದು ಯಾರಿಗೂ ಗೊತ್ತಿಲ್ಲ ಎಂದೇ ಅವನ ನಂಬಿಕೆ.

ಭಾವಮೈದುನ ಗೋಡೆಗೆ ಡ್ರಿಲ್ ಹಿಡಿದ. ಆ ಕಿರುಚಾಟಕ್ಕೆ ಮೇಸ್ತ್ರಿಗೆ ಏನೂ ಆಗಲಿಲ್ಲ. ಅವನ ಹೆದರಿಕೆ ಕೀರಲು ಸದ್ದಿಗಲ್ಲ, ನೆಲದಿಂದ ಹತ್ತಿ ಬರುವ ದಪ್ಪ ಏಟಿಗೆ. ಟೀವಿಯ ಕೆಳಗೆ ಎರಡು ಕೊಕ್ಕೆ ಕೂತವು, ಅವುಗಳ ಮೇಲೆ ಕಪ್ಪನೆಯ ಉದ್ದ ಬಾರ್ ಕೂತಿತು. ತಂತಿ ಸಿಕ್ಕಿಸಿ ಆನ್ ಮಾಡಿದರೆ ತುಟಿ ಅಲ್ಲಾಡುತ್ತದೆ, ದನಿಯಿಲ್ಲ.

"ಅಂಗಡಿಯವನು ಟೋಪಿ ಹಾಕಿದ್ನಾ ಹೇಗೆ?" ಎಂದು ಭಾವಮೈದುನ ತಲೆ ಕೆರೆದುಕೊಂಡ.

ಮೇಸ್ತ್ರಿ ಟೀವಿಯ ಹಿಂದೆ ತಲೆ ತೂರಿಸಿದ. "ಬೇರೆ ತೂತಿಗೆ ಹಾಕಿದೀಯಲ್ಲೋ. ಪಕ್ಕದ್ದಕ್ಕೆ ಹಾಕು. ಅದರ ಮೇಲೆ ಎಆರ್‌ಸಿ ಅಂತ ಬರೆದಿದೆ ನೋಡು."

ಪಕ್ಕದ್ದಕ್ಕೆ ಹಾಕಿದ್ದೇ ತಡ, ವಾರ್ತೆ ಓದುವವಳು ಕೋಣೆಯೊಳಗೇ ನಿಂತು ಮಾತಾಡಿದಂತಾಯಿತು. ಒಂದೊಂದು ಅಕ್ಷರವೂ ಬಿಡಿಬಿಡಿ. ಕುರ್ಚಿಯಲ್ಲಿದ್ದ ಮೇಸ್ತ್ರಿಯ ತಾಯಿ ಬಾಯಿ ತೆರೆದುಕೊಂಡು ಕೇಳಿದಳು.

"ಅಯ್ಯೋ, ಇವಳು ಮಾತೂ ಆಡ್ತಾಳಾ! ಇಷ್ಟು ದಿನ ಬರೀ ಸೀರೆ ನೋಡ್ತಿದ್ದೆ."

ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ. ಆಗ ಭಾವಮೈದುನ ಎರಡನೆಯ ಪೆಟ್ಟಿಗೆ ಬಿಚ್ಚಿ, ಮೊಣಕಾಲೆತ್ತರದ ಚೌಕಾಕಾರದ ಸ್ಪೀಕರ್ ಹೊರತೆಗೆದ.

"ಇದು ಸಬ್‌ವೂಫರ್. ಮೂಲೆಗೆ ಇಟ್ರೆ ನೆಲ ಅದುರುತ್ತೆ ನೋಡಿ."

"ಮೂಲೆ ಬೇಡ ಕಣೋ. ಕೆಳಗಿನ ಮನೆಯೋರಿಗೆ ತೊಂದರೆ."

"ಅವ್ರು ಊರಲ್ಲೇ ಇಲ್ಲ ಭಾವ. ನೀವು ಯಾವಾಗಿಂದ ಇಷ್ಟು ಮೆತ್ತಗಾದ್ರಿ?"

ಮೇಸ್ತ್ರಿ ಖಾಲಿ ಪೆಟ್ಟಿಗೆ ಮಡಚತೊಡಗಿದ. ಹೆಂಡತಿ ಅಡುಗೆಮನೆಯ ಬಾಗಿಲಿಂದ ಒಮ್ಮೆ ಅವನತ್ತ ನೋಡಿದಳು. ಸ್ಪೀಕರ್ ಮೂಲೆಗೆ ಹೋಯಿತು.

ಮೈಯೆಲ್ಲ ಗೋಡೆಯ ಪುಡಿಯಾಗಿದ್ದ ಭಾವಮೈದುನ ಸ್ನಾನ ಮಾಡಿ ಬಂದ. ಊಟವಾಯಿತು. ಎರಡು ಗಂಟೆಗೆ ಪರದೆ ಎಳೆದು ಸಿನಿಮಾ ಹಾಕಿದರು. ಕಡಲಾಳದಲ್ಲಿ ಸಿಕ್ಕಿಬಿದ್ದ ಒಂದು ಜಲಾಂತರ್ಗಾಮಿಯ ಕಥೆ. ಭಾವಮೈದುನನೇ ಹುಡುಕಿ ಆರಿಸಿದ್ದು, ಪೆಟ್ಟಿಗೆಯ ತಾಕತ್ತು ತೋರಿಸಲೆಂದು.

ಮೊದಲ ಸಿಡಿತ ಬಂದಾಗ ಸೋಫಾದ ಕಾಲುಗಳೇ ನಡುಗಿದವು. ಮೇಸ್ತ್ರಿ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಕತ್ತಿನ ಸುಟ್ಟ ಚರ್ಮ ಬಿಗಿದುಕೊಂಡಿತು. ಎದ್ದು ಹೋಗಬಾರದು, ಎಂದುಕೊಂಡ. ಎರಡು ಗಂಟೆಯ ಸಿನಿಮಾ ಕೂತು ನೋಡಲಾಗದವನು ನಾಳೆ ಎಂಟು ಗಂಟೆ ಬಾಯ್ಲರ್ ಪಕ್ಕ ಹೇಗೆ ನಿಂತಾನು? ಇದನ್ನು ದಾಟಿದರೆ ಅದನ್ನೂ ದಾಟಿದ ಹಾಗೆ. ಧಡ್ ಎಂದಾಗಲೆಲ್ಲ ಹಲ್ಲು ಕಚ್ಚಿದ. ಬೆನ್ನಿಗೆ ಅಂಗಿ ಅಂಟಿಕೊಂಡಿತು. ಪಕ್ಕದಲ್ಲಿ ಭಾವಮೈದುನ "ಅಬ್ಬಬ್ಬಾ!" ಎಂದು ತೊಡೆ ತಟ್ಟಿಕೊಳ್ಳುತ್ತಿದ್ದ.

ಮುಕ್ಕಾಲು ಗಂಟೆ ಕಳೆದಿರಬೇಕು. ಸಿನಿಮಾದಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ಮೇಲೆ ಶತ್ರುವಿನ ಹಡಗು ಹಾದುಹೋಗುತ್ತಿತ್ತು, ನಾವಿಕರು ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಆ ಪಿಸುಮಾತಿನ ಅಡಿಯಲ್ಲಿ ಮೇಸ್ತ್ರಿಗೆ ಇನ್ನೊಂದು ಸದ್ದು ಕೇಳಿಸಿತು. ಗೊಳಗೊಳ ಎಂಬ ದಪ್ಪ ಮೊರೆತ. ಅದರ ನಡುವೆ ಒಂದು ಏಟು.

ಸಿನಿಮಾದ್ದೇ ಇರಬೇಕು, ಎಂದುಕೊಂಡ. ಆದರೆ ಏಟು ಮೂಲೆಯಿಂದ ಬಂದಿರಲಿಲ್ಲ, ಬೆನ್ನ ಹಿಂದಿನಿಂದ ಬಂದಿತ್ತು. ಹಾಗಾದರೆ ತನ್ನ ತಲೆಯೊಳಗಿನದ್ದು. ಈ ಐದು ತಿಂಗಳಲ್ಲಿ ಇಲ್ಲದ ಸದ್ದಿಗೆ ಎಷ್ಟು ಸಲ ಬೆಚ್ಚಿ ಎದ್ದಿಲ್ಲ? ಈಗ ಬಾಯಿಬಿಟ್ಟರೆ ಎಲ್ಲ ಬಯಲಾಗುತ್ತದೆ. ಸುಮ್ಮನೆ ಕೂತ. ಮತ್ತೊಂದು ಏಟು. ಈ ಸಲ ಅಂಗಾಲಿಗೆ ತಾಗಿತು.

ಕೈ ಚಾಚಿ ರಿಮೋಟ್ ತೆಗೆದುಕೊಂಡು ಸದ್ದು ಪೂರ್ತಿ ಅಡಗಿಸಿದ.

"ಏ ಭಾವ! ಒಳ್ಳೇ ಟೈಮಲ್ಲಿ..."

"ಸುಮ್ನಿರು."

ಪರದೆಯ ಮೇಲೆ ತುಟಿಗಳು ಅಲ್ಲಾಡುತ್ತಿದ್ದವು. ಒಂದು ಕ್ಷಣ ಏನೂ ಕೇಳಿಸಲಿಲ್ಲ. ತನಗೆ ಹುಚ್ಚು ಹಿಡಿಯಿತು ಎಂದು ಮೇಸ್ತ್ರಿ ಅಂದುಕೊಳ್ಳುವಷ್ಟರಲ್ಲಿ ಬಚ್ಚಲಿನಿಂದ ಬಂತು: ಧಡ್. ಹಿಂದೆಯೇ, ಮುಚ್ಚಿದ ಪಾತ್ರೆಯೊಳಗೆ ಕಲ್ಲು ಕುದಿಯುವಂತಹ ಮೊರೆತ.

"ಅದೇನ್ರೀ ಅದು?" ಹೆಂಡತಿ ಎದ್ದು ನಿಂತಳು.

"ಸ್ನಾನ ಆದ್ಮೇಲೆ ಗೀಸರ್ ಆಫ್ ಮಾಡಿದ್ಯೇನೋ?" ಎಂದು ಮೇಸ್ತ್ರಿ ಕೇಳಿದ.

ಭಾವಮೈದುನನ ಮುಖ ಬಿಳಿಚಿಕೊಂಡಿತು. "ಇಲ್ಲ... ಅದು ತಾನಾಗೇ ಆಫ್ ಆಗುತ್ತಲ್ವಾ?"

"ಆಗಿಲ್ಲ."

ಮೇಸ್ತ್ರಿ ಎದ್ದ. ಸೋಫಾದ ಬೆನ್ನು ಹಿಡಿದು ಸಾವರಿಸಿಕೊಂಡ. ಗೀಸರಿನ ಸ್ವಿಚ್ ಇದ್ದದ್ದು ಬಚ್ಚಲ ಗೋಡೆಗೇ ಅಂಟಿಕೊಂಡು. ಅತ್ತ ಕಾಲಿಡದೆ ನೇರ ಮುಂಬಾಗಿಲ ಹತ್ತಿರದ ಮೇನ್ ಬೋರ್ಡಿಗೆ ಹೋಗಿ ಇಡೀ ಮನೆಯ ಕರೆಂಟ್ ತೆಗೆದ. ಟೀವಿ ಆರಿತು.

"ಎಲ್ಲರೂ ಹೊರಗೆ. ಈಗಲೇ."

"ನನ್ನ ಚಪ್ಪಲಿ..." ಎಂದಳು ತಾಯಿ.

"ಚಪ್ಪಲಿ ಬೇಡಮ್ಮ, ನಡಿ," ಎಂದ ಮೇಸ್ತ್ರಿ. ಹೆಂಡತಿ ಆಕೆಯ ತೋಳು ಹಿಡಿದು ಮೆಟ್ಟಿಲತ್ತ ನಡೆಸಿದಳು. ಭಾವಮೈದುನ ಮಾತ್ರ ಬಚ್ಚಲ ಕಡೆ ಓಡಿದ. "ಬಿಸಿನೀರಿನ ನಲ್ಲಿ ಬಿಟ್ರೆ ಒತ್ತಡ ಇಳಿಯುತ್ತೆ ಭಾವ, ಒಂದೇ ನಿಮಿಷ..."

ಮೇಸ್ತ್ರಿ ಹಿಂದಿನಿಂದ ಅವನ ಕಾಲರಿಗೆ ಕೈ ಹಾಕಿ ಎಳೆದ. ಗುಂಡಿ ಕಿತ್ತು ನೆಲಕ್ಕೆ ಬಿತ್ತು. "ಆ ನಲ್ಲೀಲಿ ಈಗ ಬರೋದು ನೀರಲ್ಲ, ಆವಿ! ನನ್ನ ಕತ್ತು ನೋಡಿದೀಯಲ್ಲ? ನಡಿ ಹೊರಗೆ!"

ಆ ಮನೆಯಲ್ಲಿ ಅವನ ದನಿ ಅಷ್ಟು ಎತ್ತರಕ್ಕೆ ಹೋದದ್ದು ಅದೇ ಮೊದಲು. ಭಾವಮೈದುನ ಮೆಟ್ಟಿಲತ್ತ ಓಡಿದ.

ಬಚ್ಚಲ ಗೋಡೆಯ ಆ ಬದಿಗೆ ದರ್ಜಿ ಹೆಂಗಸಿನ ಮನೆ. ಮೇಸ್ತ್ರಿ ಅವಳ ಬಾಗಿಲು ಬಡಿದ. ಕೊರಳಲ್ಲಿ ಅಳತೆಪಟ್ಟಿ, ತುಟಿಗಳ ನಡುವೆ ಗುಂಡುಸೂಜಿ ಇಟ್ಟುಕೊಂಡೇ ಬಾಗಿಲು ತೆರೆದ ಅವಳನ್ನು ಎರಡು ಮಾತಿನಲ್ಲಿ ಹೊರಡಿಸಿ ಕೆಳಗೆ ಕಳಿಸಿದ. ನಾಲ್ವರೂ ಒಂದು ಮಹಡಿ ಕೆಳಗೆ ನಿಂತರು. ಇವನು ಮಾತ್ರ ಮೆಟ್ಟಿಲಿನ ತಿರುವಿನಲ್ಲೇ, ಗಟ್ಟಿ ಗೋಡೆಯ ಮರೆಯಲ್ಲಿ ಉಳಿದ. ಅಲ್ಲಿಗೆ ಸದ್ದು ಕೇಳಿಸುತ್ತಿತ್ತು.

ಧಡ್. ಒಂದು, ಎರಡು, ಮೂರು, ನಾಲ್ಕು. ಧಡ್.

ಕರೆಂಟು ಹೋಗಿದೆ; ಇನ್ನು ಬಿಸಿ ಏರುವಂತಿಲ್ಲ. ಇಳಿಯಬೇಕು. ಆದರೆ ಅದಕ್ಕೆ ಮೊದಲು ಗೀಸರಿನ ತೊಟ್ಟಿ ತಡೆದುಕೊಳ್ಳುವುದೇ? ಒತ್ತಡ ಮೀರಿದರೆ ಆವಿ ಹೊರಬಿಡುವ ಸೇಫ್ಟಿ ವಾಲ್ವ್ ತೆರೆದುಕೊಂಡಿದ್ದರೆ ಬುಸುಗುಟ್ಟುವ ಸದ್ದು ಬರಬೇಕಿತ್ತು. ಬರುತ್ತಿಲ್ಲ. ಅದು ಕಟ್ಟಿಕೊಂಡಿದೆ. ಮೇಸ್ತ್ರಿ ಗೋಡೆಗೆ ಹಣೆ ಒತ್ತಿ ಎಣಿಸಿದ. ಐದಕ್ಕೆ ಒಂದು. ಮತ್ತೆ ಐದಕ್ಕೆ. ಆಮೇಲೆ ನಾಲ್ಕಕ್ಕೇ ಒಂದು ಬಂದಾಗ ಅವನ ಉಸಿರು ನಿಂತೇಹೋಯಿತು. ಕೆಳಗಿನಿಂದ ಹೆಂಡತಿ, "ರೀ, ಬನ್ರೀ ಇಲ್ಲಿಗೆ," ಎಂದು ಕರೆದಳು. ಅವನು ಕೈ ಅಡ್ಡ ಹಿಡಿದ.

ಏಳಕ್ಕೆ ಒಂದು. ಹನ್ನೆರಡಕ್ಕೆ. ಇಪ್ಪತ್ತಕ್ಕೆ. ಏಟಿನ ಮೊನಚು ಹೋಗಿ ಗೊಗ್ಗರು ದನಿಯಷ್ಟೇ ಉಳಿಯಿತು. ಆಮೇಲೆ ನೂರರವರೆಗೆ ಎಣಿಸಿದ, ಏನೂ ಬರಲಿಲ್ಲ. ಇನ್ನೂ ನೂರು ಎಣಿಸಿದ.

"ಇಳೀತು," ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ.

ಭಾವಮೈದುನ ಮೇಲೆ ಬಂದು ಎದುರು ನಿಂತ. ಕಣ್ಣು ತುಂಬಿತ್ತು. "ತಪ್ಪಾಯ್ತು ಭಾವ. ಆ ಗಲಾಟೇಲಿ ನಮಗ್ಯಾರಿಗೂ ಕೇಳಿಸ್ಲೇ ಇಲ್ಲ. ನಿಮ್ಮ ಕಿವಿ ಇದ್ದಿದ್ದಕ್ಕೆ ಬದುಕಿದ್ವಿ. ನಾಳೆ ಆ ಬಾಯ್ಲರ್ ನಿಮ್ಮನ್ನ ನೋಡಿ ಹೆದರ್ಬೇಕು, ಅಷ್ಟೇ."

ಮೇಸ್ತ್ರಿ ತನ್ನ ಎರಡು ಕೈಗಳನ್ನೂ ಮುಂದೆ ಚಾಚಿದ. ಬೆರಳುಗಳು ತಂತಿಯ ಮೇಲಿನ ಬಟ್ಟೆಯಂತೆ ಅಲುಗುತ್ತಿದ್ದವು.

"ನೋಡೋ ಇದನ್ನ. ಹೆದರ್ತಿರೋದು ಬಾಯ್ಲರ್ ಅಲ್ಲ, ನಾನು. ಲಾರಿ ಬಾಗಿಲು ಬಿದ್ರೂ ಹೆದರ್ತೀನಿ. ನಿನ್ನ ಸಿನಿಮಾಗೂ ಹೆದ್ರಿದೆ. ನಾಳೆ ಅಲ್ಲಿ ಹೇಗೆ ನಿಲ್ಲೋದೋ ಗೊತ್ತಿಲ್ಲ. ಐದು ತಿಂಗಳಿಂದ ಯಾರಿಗೂ ಹೇಳಿಲ್ಲ."

ಹೆಂಡತಿ ಬಂದು ಪಕ್ಕದಲ್ಲಿ ಕೂತಳು.

"ನಂಗೆ ಗೊತ್ತಿತ್ತು," ಎಂದಳು. "ಎಲ್ಲ ಬಾಗಿಲ ಸಂದಿಗೂ ಬಟ್ಟೆ ಸಿಕ್ಕಿಸಿರೋದು ಯಾಕೆ ಅಂದ್ಕೊಂಡ್ರಿ? ಚಳಿಗಾ? ಬಾಗಿಲು ಬಡ್ಕೋಬಾರ್ದು ಅಂತ. ನೀವೇ ಹೇಳ್ಲಿ ಅಂತ ಕಾದೆ. ಕಾದಿದ್ದು ನನ್ನ ತಪ್ಪು."

ಅವನು ತಲೆ ತಗ್ಗಿಸಿ ಅತ್ತ. ದರ್ಜಿ ಹೆಂಗಸು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, ಮುಖ ಆಚೆ ತಿರುಗಿಸಿ, ಅವನ ತಾಯಿಯನ್ನು ಮಾತಿಗೆಳೆದಳು.

ಸಂಜೆ ಗೀಸರ್ ಪೂರ್ತಿ ತಣಿದ ಮೇಲೆ ರಿಪೇರಿಯವನು ಬಂದು ವಾಲ್ವ್ ಬಿಚ್ಚಿದ. ಒಳಗೆ ಸುಣ್ಣ ಕಟ್ಟಿ ಕಲ್ಲಾಗಿತ್ತು. ತಾನಾಗಿ ಆಫ್ ಮಾಡಬೇಕಿದ್ದ ಥರ್ಮೋಸ್ಟಾಟೂ ಕೆಟ್ಟಿತ್ತು. ಇಂಥ ತೊಟ್ಟಿ ಒಡೆದು ಛಾವಣಿಗೇ ತೂತು ಬಿದ್ದದ್ದನ್ನು ತಾನು ಕಣ್ಣಾರೆ ನೋಡಿದ್ದೇನೆ ಎಂದು ಹೇಳಿ ಹಳೆಯ ಗೀಸರನ್ನೇ ಹೊತ್ತುಕೊಂಡು ಹೋದ.

ಸೋಮವಾರ ಮೇಸ್ತ್ರಿ ಲಾಂಡ್ರಿಗೆ ಹೋದ. ಬಾಯ್ಲರ್ ಕೋಣೆಗೆ ಹೋಗದೆ ಮೊದಲು ಮ್ಯಾನೇಜರ್ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಮ್ಯಾನೇಜರ್ ಪೆನ್ನು ಕೆಳಗಿಟ್ಟು, "ಕೈ ಸುಟ್ಟುಕೊಂಡವನೂ ಹೋದ ವಾರ ಬಂದು ಇದನ್ನೇ ಹೇಳಿದ. ನೀವಿಬ್ಬರೂ ಒಬ್ಬರಿಗೊಬ್ಬರು ಹೇಳ್ಕೊಂಡಿಲ್ವಾ?" ಎಂದರು. ಹೇಳಿಕೊಂಡಿರಲಿಲ್ಲ. ಇಬ್ಬರಿಗೂ ಒಂದೇ ಪಾಳಿ ಹಾಕಿದರು, ಬಾಯ್ಲರಿಗೆ ಸದ್ಯಕ್ಕೆ ಬೇರೆಯವನನ್ನು ಇಟ್ಟರು, ಮತ್ತೊಮ್ಮೆ ಡಾಕ್ಟರ ಹತ್ತಿರ ಕಳಿಸಿದರು. ಮೊದಲ ದಿನ ಮೇಸ್ತ್ರಿ ಬಾಯ್ಲರ್ ಕೋಣೆಯಲ್ಲಿ ಕಾಲು ಗಂಟೆ ನಿಂತ. ಎರಡನೆಯ ದಿನ ಅಷ್ಟೂ ಆಗಲಿಲ್ಲ. ಮೂರನೆಯ ದಿನ ಅರ್ಧ ಗಂಟೆ.

ಮುಂದಿನ ಭಾನುವಾರ ಭಾವಮೈದುನ ಸೌಂಡ್‌ಬಾರನ್ನು ವಾಪಸ್ ಒಯ್ಯಲು ಬಂದ. ತಾಯಿ ರಂಪ ಮಾಡಿದಳು. "ಅದನ್ನ ಮುಟ್ಟಿದ್ರೆ ನೋಡು! ಈಗ ತಾನೆ ಅವರೆಲ್ಲ ಮಾತಾಡೋಕೆ ಶುರು ಮಾಡಿದಾರೆ." ಕೊನೆಗೆ ಮೇಸ್ತ್ರಿಯೇ ಸಬ್‌ವೂಫರನ್ನು ಮೂಲೆಯಿಂದ ಎಳೆದು ಟೀವಿಯ ಪಕ್ಕಕ್ಕೆ ಇಟ್ಟ, ಅದರ ಮಟ್ಟವನ್ನು ಅರ್ಧಕ್ಕಿಂತ ಕೆಳಗಿಳಿಸಿದ. ಹಡಗು ಗಿಡಗು ಬೇಡವೆಂದು ತಾಯಿ ಹಟ ಹಿಡಿದದ್ದಕ್ಕೆ ಒಂದು ತಮಾಷೆಯ ಸಿನಿಮಾ ಹಾಕಿದರು: ಒಂದೇ ಮನೆಯನ್ನು ಇಬ್ಬರಿಗೆ ಬಾಡಿಗೆಗೆ ಕೊಟ್ಟ ಮಾಲೀಕನ ಪಾಡು.

ನಡುವೆ ಒಂದು ಕಡೆ ಯಾರೋ ಬಾಗಿಲು ಧಡಾರನೆ ಹಾಕಿಕೊಂಡರು. ಮೇಸ್ತ್ರಿಯ ಭುಜ ಜಿಗಿಯಿತು. ರಿಮೋಟ್ ತೆಗೆದುಕೊಂಡು ಎರಡು ಅಂಕ ಇಳಿಸಿದ. ಯಾರೂ ತಿರುಗಿ ನೋಡಲಿಲ್ಲ. ಪರದೆಯ ಮೇಲೆ ಮಾಲೀಕ ಕಪಾಟಿನೊಳಗೆ ಅಡಗಿ ಕೂತಿದ್ದ. ಅವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಸೀನು ತಡೆಯುತ್ತಿರುವುದು, ಅವನ ಮೂಗಿನ ಸುಯ್ ಸುಯ್ ಕೂಡ, ಪಕ್ಕದಲ್ಲೇ ಕೂತವನದ್ದೆಂಬಂತೆ ಕೇಳಿಸುತ್ತಿತ್ತು. ಮೇಸ್ತ್ರಿ ಮುಂದಕ್ಕೆ ಬಾಗಿದ.

"ಸಿಕ್ಕಿಬೀಳ್ತಾನೇನೋ?" ಎಂದು ತಾಯಿ ಕೇಳಿದಳು.

"ಶ್, ಸುಮ್ನಿರಮ್ಮ," ಎಂದ ಅವನು. "ಈಗ ಸೀನ್ತಾನೆ ನೋಡು."