ನಾನು ಬರೆದ ಒಂದು ಲೈನ್

ಲೈನ್‌ನಾಗ ಬರ್ರಿ, ಲೈನ್‌ನಾಗ, ಅಂತ ಜವಾನ ಕೂಗುತ್ತಿದ್ದಾನೆ, ಹಾವೇರಿ ಆಫೀಸಿನಲ್ಲಿ ಕರೆಂಟ್ ಬಿಲ್ ಕಟ್ಟಲು ಬಂದವರಿಗೆ ಕೂಗುವುದು, ನನಗಲ್ಲ, ನಾನು ವಿಚಾರಣೆಗೆ ಬಂದವನು, ಬೆಂಚಿನ ಮೇಲೆ ಕೂತಿದ್ದೇನೆ, ಆದರೂ ಆ ಶಬ್ದ ಕಿವಿಗೆ ಬಿದ್ದರೆ ಮೈ ಜುಮ್ಮೆನ್ನುತ್ತದೆ — ಎಂಥ ಹಾಳು ಶಬ್ದ, ಒಂದಕ್ಕೇ ಎಷ್ಟು ಕೆಲಸ ಹಚ್ಚಿದ್ದಾರೆ, ಅಗಡಿ ಸಾಲಿಯಲ್ಲಿ ಲೈನ್ ಬಿಟ್ಟು ಬರೆದರೆ ಮಾಸ್ತರರು ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು, ಆಮೇಲೆ ರೈಲಿನ ಲೈನ್, ರೇಷನ್ನಿನ ಲೈನ್, ಆಮೇಲೆ ನೌಕರಿ, ಲೈನ್‌ಮನ್ ಮೈಲಾರೆಪ್ಪ, ಇಪ್ಪತ್ತಾರು ವರ್ಷ ಆ ತಂತಿಯೇ ಅನ್ನ ಹಾಕಿತು — ಮತ್ತೆ ಜಹಾಂಗೀರ ಬಂದ, ನನ್ನ ಕೈಕೆಳಗೆ ಕಲಿತವನು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಹುಡುಗಿಯ ಹಿಂದೆ ಬಿದ್ದಿದ್ದ, ಎಲ್ಲಿ ಹೋಗಿದ್ದಿಲೇ ಅಂದರೆ, ಲೈನ್ ಕೆಲಸಾನ ಕಾಕಾ, ನಿಂದು ಕಂಬದ ಮ್ಯಾಲಿಂದು, ನಂದು ಕಂಬದ ಕೆಳಗಿಂದು, ಅಂತ ನಕ್ಕ, ನಾನು ಬೈದೆ, ನನಗೆ ಬೈಯುವುದೊಂದು ಬರುತ್ತದೆ.

ಹಲಗೇರಿಯ ಹೊಲದಲ್ಲೂ ಬೈಯುತ್ತಲೇ ಇದ್ದೆ, ಅವನು ಹೊಲದ ನಡುವಿನ ಕಂಬದ ಮೇಲೆ, ನಾನು ರಸ್ತೆಯಲ್ಲಿ, ನಡುವೆ ಆಳೆತ್ತರದ ಗೋವಿನಜೋಳ, ಕಂಬದ ತಲೆಗೆ ಬೇವಿನ ಗಿಡದ ಮರೆ, ಸ್ಟೇಷನ್ನಿಗೆ ಫೋನ್ ಹಚ್ಚಿ ಲೈನ್ ಕ್ಲಿಯರ್ ತಗೊಂಡು ಕರೆಂಟ್ ತೆಗೆಸಬೇಕು, ಇಳಿದವನು ಎದುರಿಗೆ ಬಂದು ನಿಂತ ಮೇಲೆಯೇ ಅದನ್ನು ವಾಪಸ್ ಕೊಡಬೇಕು, ಕೊಟ್ಟ ಗಳಿಗೆಗೆ ತಂತಿಯಲ್ಲಿ ಕರೆಂಟ್, ಅವನಿಗೆ ನಾನೇ ಕಲಿಸಿದ್ದು — ಫೋನಿನ ಮೇಲೆ ಫೋನ್, ಕರೆಂಟ್ ಯಾವಾಗ ಬರತೈತಿ, ನಿದ್ದಿ ಮಾಡಾಕತ್ತೀರೇನು ಅಂತ ಊರವರು, ಮುಗೀತೇನಲೇ ಅಂತ ಒದರಿದೆ, ಎರಡ ನಿಮಿಷ ಕಾಕಾ, ಅಂದ, ಎರಡಾಯಿತು, ಐದಾಯಿತು, ಇಳಿದು ನೆರಳಿಗೆ ಕುಂತಿರಬೇಕು ಮಗ ಅಂತ ಸಿಟ್ಟು ನೆತ್ತಿಗೇರಿತು, ಜೋಳದೊಳಗೆ ಹೋಗಿ ನೋಡಲಿಲ್ಲ, ವಾಪಸ್ ಕೊಟ್ಟೆ — ಒಂದು ಸಪ್ಪಳ, ಸುಟ್ಟ ವಾಸನೆ, ಕಾಕಾ ಅಂತಲೂ ಅನ್ನಲಿಲ್ಲ ಅವನು — ಆಮೇಲೆ ವರದಿಯಲ್ಲಿ ಒಂದೇ ಲೈನ್ ಬರೆದೆ, ಕೆಳಗಿಳಿದವನು ಹೇಳದೆ ಮತ್ತೆ ಹತ್ತಿದ್ದಾನೆ, ಅಂದಿನಿಂದ ಊಟಕ್ಕೆ ಕೂತರೂ ಗಂಗಾಳದಲ್ಲಿ ಅದೇ, ಕಣ್ಣು ಮುಚ್ಚಿದರೂ ಅದೇ.

ಒಳಗೆ ಕರೆದರು, ಸಾಹೇಬರು ಅದನ್ನೇ ಓದುತ್ತಿದ್ದಾರೆ, ಇದು ಖರೇ ಏನ್ರಿ ಮೈಲಾರೆಪ್ಪ, ಪಕ್ಕದಲ್ಲಿ ಅವನ ತಾಯಿ ಸಕೀನಾಬಿ, ಅಳುತ್ತಿಲ್ಲ, ಹೇಳದ ಹತ್ತಾಂವಲ್ಲರಿ ನನ್ನ ಮಗ, ಇವರ ಕಲಿಸ್ಯಾರ, ಇವರನ್ನ ಕೇಳ್ರಿ, ಅನ್ನುತ್ತಾಳೆ, ನನ್ನ ಮೇಲೆ ಭರವಸೆ ಇಟ್ಟು ಅನ್ನುತ್ತಾಳೆ, ಹೂಂ ಅಂದರೆ ಮುಗಿಯಿತು, ಅನ್ನು ಮೈಲಾರೆಪ್ಪ, ಮುಖ ನೋಡಲಾರದೆ ಕೆಳಗೆ ನೋಡಿದೆ, ಅವಳ ಕಾಲಲ್ಲಿ ಅವನ ಚಪ್ಪಲಿ, ಹತ್ತುವಾಗ ಕಂಬದ ಬುಡದಲ್ಲಿ ಬಿಟ್ಟವು, ನಾನೇ ಮನೆಗೆ ಮುಟ್ಟಿಸಿದವು, ಜೋಳದೊಳಗೆ ನಾಲ್ಕು ಮಾರು ಹೋಗಿದ್ದರೆ ಕಾಣುತ್ತಿದ್ದವು, ಚಪ್ಪಲಿ ಕೆಳಗಿದ್ದರೆ ಮನುಷ್ಯ ಮೇಲಿದ್ದಾನೆ — ಅಂವ ಇಳದಿದ್ದಿಲ್ಲರಿ, ನಾ ನೋಡಲಿಲ್ಲ, ಅಂದದ್ದು ನನ್ನದೇ ಬಾಯಿ, ಅವಳು ನನ್ನತ್ತ ತಿರುಗಿದಳು, ಚಪ್ಪಲಿ ತಿರುಗಲಿಲ್ಲ, ಸಣ್ಣ ಕಾಲು, ದೊಡ್ಡ ಚಪ್ಪಲಿ, ಹಿಮ್ಮಡಿಯ ಹಿಂದೆ ನಾಲ್ಕು ಬೆರಳು ಖಾಲಿ, ಆ ಖಾಲಿಯಲ್ಲಿ ಅವನ ಹಿಮ್ಮಡಿ ಸವೆಸಿದ ಗುಳಿ, ಕಂಬದ ಬುಡದಲ್ಲಿ ಚಪ್ಪಲಿ, ಜೋಡು ಚಪ್ಪಲಿ, ಖಾಲಿ